ಖಾಕಿ ಬೈಂಡಿನ ವಿಮರ್ಶಕರು
ಹೊಸಬರು ಕೈಯಿಂದ ಖರ್ಚು ಮಾಡಿ ಅಚ್ಚು ಹಾಕಿಸಿದ ಕಥೆ, ಕವಿತೆ, ಆತ್ಮಕಥೆಗಳೆಲ್ಲ ಬಂದು ಸೇರುವುದು ಈ ವಿಮರ್ಶಕರ ಮನೆಗೆ. ಬರೆದವರ ಹೆಸರು ಕಂಡರೆ ತಕ್ಕಡಿ ವಾಲುತ್ತದೆಂದು, ಹೆಂಡತಿ ಆ ಹೆಸರನ್ನು ಮುಚ್ಚಿ ಖಾಕಿ ಬೈಂಡ್ ಹಾಕಿಕೊಟ್ಟ ಮೇಲೆಯೇ ಅವರು ಓದುವುದು. ಹೀಗೇ ಸ್ವಂತ ಭಾವನ ಕಾದಂಬರಿಯನ್ನು "ನೀರು ಹೆಚ್ಚಾದ ಹಾಲು" ಎಂದು ಬರೆದು, ಆ ಮನೆಯ ಮದುವೆಯೂಟ ಕಳೆದುಕೊಂಡರು. "ನೆಂಟರನ್ನಾದ್ರೂ ಬಿಡಬಾರ್ದೇನ್ರೀ?" ಎಂದು ಹೆಂಡತಿ ಕೇಳಿದರೆ, "ಓದೋರು ನಮಗೆ ನೆಂಟರಲ್ವೇನೇ?" ಎನ್ನುತ್ತಾರೆ. ಮೊನ್ನೆ ಆಕೆ ತುಸು ತಡೆದು ಕೊಟ್ಟ ಪುಸ್ತಕ ಒಬ್ಬ ಗೃಹಿಣಿಯ ಆತ್ಮಕಥೆ. ಅದರಲ್ಲೊಬ್ಬ ಗಂಡ, ಊಟಕ್ಕೆ ಎಷ್ಟು ಕೂಗಿದರೂ ಪುಸ್ತಕದಿಂದ ತಲೆ ಎತ್ತದವನು. ಬರೆದವರು ಯಾರೆಂದು ಅವರಿಗೆ ಆಗಲೇ ತಿಳಿಯಿತು. ಆದರೂ ಬೈಂಡ್ ಬಿಚ್ಚಲಿಲ್ಲ. ಪೂರ್ತಿ ಓದಿ, ಮೆಚ್ಚಬೇಕಾದ್ದನ್ನು ಮೆಚ್ಚಿ, ಕೊನೆಗೆ ಎಂದಿನಂತೆ ದೋಷವನ್ನೂ ಬರೆದರು: "ಗಂಡನ ವಿಷಯದಲ್ಲಿ ಲೇಖಕಿ ಪೂರ್ತಿ ಸತ್ಯ ಹೇಳಿಲ್ಲ. ಅವನನ್ನು ತೀರಾ ಸುಲಭಕ್ಕೆ ಬಿಟ್ಟುಬಿಟ್ಟಿದ್ದಾರೆ."