ಬಾಡದ ಕಡಲಲ್ಲಿ ನಾನು ನೋಡದ ಬಂಡೆ

ಜಟ್ಟಪ್ಪ, ಆ ದಿನ ಬಂಡೆ ಕಾಣುತ್ತಿತ್ತು ಎಂದು ನಾನು ಹೇಳಿದ ಸಾಕ್ಷಿ ಸುಳ್ಳು. ಬಂಡೆ ಕಾಣುತ್ತಿರಲಿಲ್ಲ ಎಂದಲ್ಲ — ಅದೂ ನನಗೆ ಗೊತ್ತಿಲ್ಲ. ನಾನು ನೋಡಿರಲೇ ಇಲ್ಲ.

ಅರವತ್ತರ ದಶಕದ ಆರಂಭ. ಕುಮಟೆಯ ಕಡಲಿಗೆ ಇಂಜಿನ್ ದೋಣಿಗಳು ಆಗಷ್ಟೇ ಬಂದಿದ್ದವು. ಬಾಡ ಊರಿನ ದಡದಿಂದ ರಂಪಣಿ ಬಲೆ ಎಳೆಯುವ ನಿಮ್ಮವರಿಗೂ ದೋಣಿಯವರಿಗೂ ಜಗಳವಾಗಿ, ಕೊನೆಗೊಂದು ಕಟ್ಟಳೆಯಾಗಿತ್ತು. ತೆಂಕಣ ಗುಡ್ಡದ ತುದಿಯಾಚೆ ಕಡಲೊಳಗಿನ ಕರಿಬಂಡೆ ಕಾಣುವಷ್ಟು ಹೊರಗೇ ಇಂಜಿನ್ ದೋಣಿ ಇರಬೇಕು. ಗುಡ್ಡ ಬಂಡೆಯನ್ನು ಮರೆಮಾಡಿತೆಂದರೆ ದೋಣಿ ಒಳಗೆ ಬಂದಂತೆ. ಆ ಒಳಭಾಗ ನಿಮ್ಮ ಬಲೆಯದು. ದಡದ ಹತ್ತಿರ ಬೆಳೆಯುವ ಮರಿಮೀನಿಗೂ ಅದೇ ಕಾವಲು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಮಾಸ್ತರನಾಗಿ ಬಂದಿದ್ದ ನಾನು, ಅಳತೆಯಿಲ್ಲದ ಕಾನೂನು ಎಂಥದ್ದು ಎಂದು ನಿಮ್ಮೆದುರೇ ನಕ್ಕಿದ್ದೆ. ನೀವು ಸಿಟ್ಟಾಗಲಿಲ್ಲ. ಒಮ್ಮೆ ಇಂಜಿನ್ ದೋಣಿಯಲ್ಲಿ ಹೋಗಿ ನೋಡಿ ಎಂದಿರಿ.

ಹೋದೆ. ಆ ಬೆಳಿಗ್ಗೆಯೇ ನಾನಿದ್ದ ದೋಣಿ ನಿಮ್ಮ ರಂಪಣಿಯನ್ನು ಸೀಳಿತು. ಬಂಗಡೆಯ ಹಿಂಡು ಪೂರ್ತಿ ತಪ್ಪಿಹೋಯಿತು.

ಮಧ್ಯಾಹ್ನ ದಡದ ಮೇಲೆ ಎಲ್ಲರೂ ಸೇರಿದರು. ದೋಣಿ ಗಡಿಯ ಒಳಗಿದ್ದರೆ ತಪ್ಪು ಅವರದು. ಹೊರಗಿದ್ದರೆ, ಬಲೆಯನ್ನು ಗಡಿ ದಾಟಿ ಬಿಟ್ಟ ನಿಮ್ಮದು.

"ನೀವು ಯಾರ ಕಡೆಯವ್ರೂ ಅಲ್ಲ, ಒಡೆಯಾ. ಬಂಡೆ ಕಾಣ್ತಿತ್ತೋ, ಇಲ್ವೋ? ನೀವು ಹೇಳಿದ್ರೆ ಆತು," ಎಂದಿರಿ.

ಬೆಳಿಗ್ಗೆ ದೋಣಿ ಹೊರಟ ಸ್ವಲ್ಪ ಹೊತ್ತಿಗೇ ನನಗೆ ವಾಂತಿಯಾಗಿ, ಒದ್ದೆ ಟವೆಲು ಮುಖಕ್ಕೆ ಹಾಕಿಕೊಂಡು ಮಲಗಿಬಿಟ್ಟಿದ್ದೆ. ಕೂಗು ಕೇಳಿ ಎದ್ದಾಗ — ಎದ್ದೆನೆ? ನೀವು ಕೇಳಿದಾಗ ದಡದಲ್ಲಿ ಹೆಂಗಸರೂ ನಿಂತಿದ್ದರು. ಸಮುದ್ರಕ್ಕೇ ಪಾಠ ಹೇಳಲು ಬಂದ ಮಾಸ್ತರು ಎಂದು ಮೊದಲೇ ನಗುತ್ತಿದ್ದವರು. ಮಲಗಿದ್ದೆ ಎನ್ನಲು ನನಗೆ ಬಾಯಿ ಬರಲಿಲ್ಲ.

"ಕಾಣುತ್ತಿತ್ತು," ಎಂದೆ.

ಸಭೆ ಮುಗಿದ ಮೇಲೆ ದೋಣಿ ನಡೆಸುವ ತಾಂಡೇಲ ಹತ್ತಿರ ಬಂದು, "ಕಣ್ಣು ಮುಚ್ಕಂಡೇ ಚಂದ ನೋಡೀರಿ, ಮಾರಾಯ್ರೆ," ಎಂದ. ನನಗೆ ಏನೂ ಅನ್ನಿಸಲಿಲ್ಲ. ಊಟ ಮಾಡಿದೆ. ನಿದ್ದೆಯೂ ಬಂತು.

ಮುಂದೆ ದೋಣಿಗಳು ಅದೇ ಜಾಗಕ್ಕೆ ಬರತೊಡಗಿದವು. ತಡೆದರೆ, ಕಲಿತವರೇ ಇದು ಗಡಿಯ ಹೊರಗೆ ಎಂದಿದ್ದಾರೆ ಎನ್ನುತ್ತಿದ್ದರಂತೆ. ಕಟ್ಟಳೆ ಹೆಸರಿಗೂ ಉಳಿಯಲಿಲ್ಲ. ನಿಮ್ಮ ರಂಪಣಿಯ ಕೂಟ ಒಡೆಯಿತು. ನೀವು ಇನ್ನೊಬ್ಬರ ಇಂಜಿನ್ ದೋಣಿಯಲ್ಲಿ ಕೂಲಿಗೆ ಹೋದಿರೆಂದು ಕೇಳಿದೆ.

ಈಗ ನೆನಪು ಒಂದೊಂದು ದಿನ ಒಂದೊಂದು ಹೇಳುತ್ತದೆ. ಕೆಲವೊಮ್ಮೆ ಬಂಡೆ ಸ್ಪಷ್ಟವಾಗಿ ಕಾಣುತ್ತದೆ, ಅದರ ಮೇಲೊಂದು ಹಕ್ಕಿ ಕೂಡ. ಆ ಹಕ್ಕಿಯನ್ನು ಆಮೇಲೆ ನಾನೇ ತಂದು ಕೂರಿಸಿದೆನೇನೋ — ಇರಲಿ. ಬಂಡೆ ನಿಜಕ್ಕೂ ಕಾಣುತ್ತಿದ್ದಿದ್ದರೂ ನನ್ನ ಮಾತು ಸುಳ್ಳೇ.

ಒಂದರಲ್ಲಿ ಮಾತ್ರ ಅನುಮಾನವಿಲ್ಲ. ನಾನು ಹಾಗೆಂದ ಮೇಲೆ ನೀವು ಒಂದು ಗಳಿಗೆ ಕಡಲನ್ನು ನೋಡಿದಿರಿ. ನಿಮ್ಮ ಕಣ್ಣನ್ನು ಬಿಟ್ಟು ನನ್ನ ಮಾತನ್ನು ನಂಬಿದಿರಿ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ನಿಮ್ಮ ಜನರೆಲ್ಲರ ಎದುರು, ಬಲೆ ಹರಿದವರಿಗೇ ಕೈಮುಗಿದು ತಪ್ಪಾಯಿತು ಎಂದಿರಿ. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಹಾಗೆ ಅನ್ನಲು ಬಿಟ್ಟೆ.