ಚಿಕ್ಕಪ್ಪನ ಹೊಲದ ಮೇಲಿನ ಕಪ್ಪು ಕಲೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬೂದಿಯಕ್ಕ ಎಂದು. ಉಪಗ್ರಹ ತೆಗೆದ ಚಿತ್ರಗಳಲ್ಲಿ ಬೆಂಕಿಗೆ ಮುಂಚಿನದನ್ನೂ ಆಮೇಲಿನದನ್ನೂ ಅಕ್ಕಪಕ್ಕ ಇಟ್ಟು, ಕಾಡು ಎಲ್ಲಿಂದ ಎಲ್ಲಿವರೆಗೆ ಸುಟ್ಟಿದೆ ಎಂದು ಗೆರೆ ಎಳೆಯುವುದು ಅವಳ ಕೆಲಸ. ಹೆಸರಿಟ್ಟವರು ತಮಾಷೆಗೆ ಇಟ್ಟಿದ್ದರು. ಅವಳೊಳಗಿನ ಕೆಂಡ ಅವರಿಗೇನು ಗೊತ್ತು!

ಆ ಕೆಂಡ ಹೊತ್ತಿಸಿದವನು ಚಿಕ್ಕಪ್ಪ. ಬಾಯಲ್ಲಿ ಅವನಿಗೆ ಬಹುವಚನ ಕೊಡುತ್ತಿದ್ದಳು, ಮನಸ್ಸಿನಲ್ಲಿ ಕೊಟ್ಟವಳಲ್ಲ. ಗುಡ್ಡದ ಕಾಡು ಉರಿದ ವರ್ಷ, ಜೇನು ಸಾಕುತ್ತಿದ್ದ ಅಪ್ಪ ನೊಣ ಓಡಿಸುವ ಹೊಗೆ ಡಬ್ಬಿಯಿಂದಲೇ ಕಿಡಿ ಹಾರಿತೆಂದು ಮನೆಮನೆಗೆ ಹೋಗಿ ಹೇಳಿಬಂದವನು ಅವನೇ, ಅಪ್ಪನ ಒಡಹುಟ್ಟಿದ ತಮ್ಮ. ಊರು ನಂಬಿತು. ಜೇನುಪೆಟ್ಟಿಗೆಗಳ ಜೊತೆ ಮರ್ಯಾದೆಯೂ ಹೋಯಿತು. ಅಂದು ತಲೆ ತಗ್ಗಿಸಿದ ಅಪ್ಪ ಮತ್ತೆ ಎತ್ತಿರಲಿಲ್ಲ. ಚಿಕ್ಕಪ್ಪ ಮಾತ್ರ ಭಾನುವಾರ ತಪ್ಪದೆ ಬಂದು, "ಆದದ್ದಾಯ್ತು ಬಿಡಣ್ಣ" ಎಂದು ಚಹಾ ಹೀರಿ ಹೋಗುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹಳೆಯ ಚಿತ್ರಗಳನ್ನು ತೆರೆಯುವ ಅನುಮತಿ ಸಿಕ್ಕ ದಿನವೇ ಆ ವರ್ಷದ್ದನ್ನು ತೆಗೆದಳು. ಬೆಂಕಿ ಬಿದ್ದ ದಿನದ ಬೆಳಗಿನ ಚಿತ್ರವೊಂದಿತ್ತು. ಕಾಡು ಇನ್ನೂ ಹಸಿರು. ಆದರೆ ಚಿಕ್ಕಪ್ಪನ ಹೊಲದ ಮೇಲ್ತುದಿಯಲ್ಲಿ ಒಂದು ಕಪ್ಪು ಕಲೆ! "ಸಿಕ್ಕಿಬಿದ್ದೆ ನೀನು!" ಎಂದು ಮೇಜು ಕುಟ್ಟಿದಳು. ಪಕ್ಕದವನು ಬೆಚ್ಚಿಬಿದ್ದ.

ಚಿತ್ರವನ್ನು ಸ್ವಲ್ಪ ಸರಿಸಿದರೆ ಪಕ್ಕದಲ್ಲೇ ಪುಟ್ಟ ಬಿಳಿ ಮೋಡ, ಆಕಾರವೂ ಕಲೆಯದೇ. ನೆರಳು! ಹೊಸಬರೆಲ್ಲ ಎಡವುವ ಜಾಗ ಅದು. ಮೋಡದ ನೆರಳನ್ನು ಸುಟ್ಟ ನೆಲವೆಂದು ಬರೆದವರಿಗೆ ಛೀಮಾರಿ ಹಾಕುತ್ತಿದ್ದವಳು ಅವಳೇ. ಅಳು ಬಂತು. ಆಮೇಲೆ ಇನ್ನೊಂದು ಯೋಚನೆ ಬಂತು. ನೆರಳು ಯಾವುದು, ಮಸಿ ಯಾವುದು ಎಂದು ಚಿಕ್ಕಪ್ಪನಿಗೆ ಏನು ಗೊತ್ತು? ಮೋಡವನ್ನು ಕತ್ತರಿಸಿ ಹೊರಗಿಟ್ಟು, ಹೊಲವಷ್ಟನ್ನೇ ದೊಡ್ಡದಾಗಿ ಅಚ್ಚು ಹಾಕಿಸಿದಳು. ತಪ್ಪೆಂದು ಗೊತ್ತಿದ್ದೇ ಮಾಡಿದಳು.

ಭಾನುವಾರ ಅವನು ಲೋಟ ಎತ್ತುವಷ್ಟರಲ್ಲಿ ಚಿತ್ರವನ್ನು ಮುಂದೆ ಹರಡಿದಳು.

"ನಿಮ್ಮ ಹೊಲ ಚಿಕ್ಕಪ್ಪ. ಬೆಂಕಿ ಬಿದ್ದ ದಿನದ್ದು, ಆಕಾಶದಿಂದ ತೆಗೆದದ್ದು. ಈ ಕಪ್ಪು ಏನು, ನೀವೇ ಹೇಳಿ."

ಅವನ ಮುಖ ಬಿಳಿಚಿಕೊಂಡಿತು. "ಸುಳ್ಳು! ಅಲ್ಲಿ ನಾನು ಕಡ್ಡಿ ಗೀರೇ ಇಲ್ಲ. ನಾನು ಕಸ ಸುಟ್ಟಿದ್ದು ಕೆಳಗೆ, ಬೇಲಿ ಹತ್ರ. ಗಾಳಿ ಏಳುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ..."

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡ. ಮೂಲೆಯಲ್ಲಿ ಕೂತಿದ್ದ ಅಪ್ಪ ತಲೆ ಎತ್ತಿ ತಮ್ಮನನ್ನು ನೋಡಿದರು. ನೋಡುತ್ತಲೇ ಇದ್ದರು.

"ತಪ್ಪಾಯ್ತಣ್ಣ, ಹೆದರಿ ಹಾಗೆ ಹೇಳ್ಬಿಟ್ಟೆ. ಮನೆ ಮಾತು ಮನೇಲೇ ಇರ್ಲಿ ಮಗಳೇ, ನಿನ್ನ ಕಾಲಿಗೆ ಬೀಳ್ತೀನಿ."

"ಕಾಲಿಗೇನೂ ಬೀಳ್ಬೇಡಿ. ಅಪ್ಪನ ಮೇಲೆ ಹೇಳೋಕೆ ಯಾವ ಯಾವ ಬಾಗಿಲು ತಟ್ಟಿದ್ರೋ, ಅವನ್ನೇ ಮತ್ತೆ ತಟ್ಟಿ. ಏಳಿ, ನಾನೂ ಬರ್ತೀನಿ. ಯಾವುದಾದ್ರೂ ಮರೆತ್ರೆ ನೆನಪಿಸ್ತೀನಿ."

ಮೊದಲ ಮನೆಯಲ್ಲಿ ಅವನು ತೊದಲಿದ. "ಜೋರಾಗಿ ಹೇಳಿ, ಅಜ್ಜಿಗೆ ಕಿವಿ ಮಂದ" ಎಂದಳು. ದರ್ಜಿಯ ಅಂಗಡಿ ಮುಂದೆ ಬೆವರಿದ, ಹಾಲಿನವಳ ಮನೆಯಲ್ಲಿ ಅತ್ತ. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಹಾಯೆನಿಸಿತು.

ಕೊನೆಯ ಬಾಗಿಲು ಮುಚ್ಚಿದ ಮೇಲೆ ಅವನು ಬೀದಿಬದಿಯ ಕಲ್ಲಿನ ಮೇಲೆ ಕುಸಿದು ಕೂತ. "ಎಲ್ಲಾ ಸರಿ ಮಗಳೇ. ಆ ಮೇಲ್ತುದೀಲಿ ಕಪ್ಪು ಹೇಗೆ ಬಂತು ಅಂತ್ಲೇ ತಿಳೀತಿಲ್ಲ."

"ಅದಾ? ಅದು ಮೋಡದ ನೆರಳು ಚಿಕ್ಕಪ್ಪ" ಎಂದು ಚಿತ್ರವನ್ನು ಮಡಚಿ, ಅವನ ಜೇಬಿಗೆ ತುರುಕಿ, ಮನೆಯತ್ತ ನಡೆದಳು.