ಲೈನ್ ಪಾಠಕ್ಕೆ ಒಯ್ದ ನಾಟಿ ಹಗ್ಗ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ಅವ್ವನ ಬಳುವಳಿ. ಮಲೆಬೆನ್ನೂರಿನ ಕಡೆ ಭತ್ತದ ನಾಟಿಗೆ ಹೋಗುವ ಹೆಣ್ಣಾಳುಗಳ ಗುಂಪಿಗೆ ಅವಳೇ ಯಜಮಾನಿ. ಗದ್ದೆಗೆ ಇಳಿದಳೆಂದರೆ ಅವಳ ಬಾಯಿಗೆ ಎದುರಿಲ್ಲ. ಅಂಥವಳ ಮಗಳಾದ ನಾನು ದಾವಣಗೆರೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಇಂಗ್ಲಿಷ್ ಟೀಚರ್ ಆಗಿ ಸೇರಿದ್ದೆ, ಮೂರು ತಿಂಗಳ ಮಟ್ಟಿಗೆ. ಕನ್ನಡ ಮೀಡಿಯಂನಲ್ಲಿ ಓದಿದವಳು ಎಂದು ಯಾರೋ ಪೋಷಕರು ತಕರಾರು ತೆಗೆದರು. ಆಡಳಿತ ಮಂಡಳಿಯವರ ಎದುರು ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಅವತ್ತೇ ಗಂಟುಮೂಟೆ ಕಟ್ಟಬೇಕು ಎಂದಾಯಿತು.

ಪಾಠದ ವಿಷಯವೆಂದು ಹೆಡ್‌ಮೇಡಂ ಚೀಟಿಯಲ್ಲಿ ಬರೆದುಕೊಟ್ಟದ್ದು ಒಂದೇ ಪದ. ಲೈನ್. ನೋಡಿ ಮೈ ಉರಿಯಿತು. ಮೂರು ವರ್ಷದ ಮಗುವಿಗೂ ಗೊತ್ತಿರುವ ಪದದಲ್ಲಿ ಮುಕ್ಕಾಲು ಗಂಟೆ ಏನು ಹೇಳಲಿ? ಹರಿಹರದಲ್ಲಿ ಬಸ್ಸಿಗೆ ಕಾಯುತ್ತ ಮೊಬೈಲಿನಲ್ಲಿ ಹುಡುಕಿದರೆ ಅದರ ಅರ್ಥಗಳು ಮುಗಿಯುತ್ತಲೇ ಇಲ್ಲ. ಆ ಪದದ ಹುಟ್ಟು ಓದಿದಾಗ ಮಾತ್ರ ನಿಂತಲ್ಲೇ ನಗು ಬಂತು. ಲೈನ್ ಎಂದರೆ ಮೊದಲು ಗೆರೆಯಲ್ಲವಂತೆ, ದಾರವಂತೆ, ಹಗ್ಗವಂತೆ. ಅದೂ ಅಗಸೆ ನಾರಿನದು. ಲಿನನ್ ಬಟ್ಟೆಯ ಹೆಸರೂ ಅದೇ ಬುಡದ್ದು. ದಿನಾ ರೊಟ್ಟಿಗೆ ಅಗಸೆ ಚಟ್ನಿಪುಡಿ ತಿನ್ನುವ ನನಗೆ ಈ ಪದದ ಭಯ ಯಾಕೆ ಎನ್ನಿಸಿತು. ಮನೆಯ ಗೂಟಕ್ಕೆ ನೇತುಹಾಕಿದ್ದ ಅವ್ವನ ನಾಟಿ ಹಗ್ಗ ಕಣ್ಮುಂದೆ ಬಂತು.

ಆ ಹಗ್ಗಕ್ಕೆ ಗೇಣಿಗೊಂದು ಕೆಂಪು ಬಟ್ಟೆಯ ಚೂರು ಕಟ್ಟಿರುತ್ತದೆ. ಆ ಬದುವಿನಲ್ಲೊಬ್ಬರು, ಈ ಬದುವಿನಲ್ಲೊಬ್ಬರು ಬಿಗಿಯಾಗಿ ಎಳೆದು ಹಿಡಿದು “ಊರ್ರಿ” ಎಂದು ಕೂಗಬೇಕು. ಆಮೇಲೇ ಹೆಂಗಸರು ಬಗ್ಗಿ, ಚೂರು ಕಂಡಲ್ಲಿ ಸಸಿ ಊರುವುದು. ಹಗ್ಗ ಸಡಿಲವಾದರೆ ಸಾಲು ಸೊಟ್ಟ. ಸಡಿಲ ಬಿಟ್ಟವನು ಗದ್ದೆಯ ಸಾಹುಕಾರನೇ ಆಗಿರಲಿ, ಬೈಸಿಕೊಳ್ಳಬೇಕು, ತಿರುಗಿ ಮಾತಾಡುವಂತಿಲ್ಲ. ಹಗ್ಗ ಕೇಳಿದಾಗ ಅವ್ವ ಕೊಟ್ಟಳು, ಆದರೆ ನಾಡಿದ್ದೇ ನಾಟಿ ಐತೆ, ನಾಳೆ ಸಂಜಿಗೆ ಹಗ್ಗ ಮನೆಯಾಗಿರಬೇಕು ಎಂದು ತಾಕೀತು ಮಾಡಿದಳು.

ಮರುದಿನ ಹಿಂದಿನ ಬೆಂಚಿನಲ್ಲಿ ಮಂಡಳಿಯವರು, ತಕರಾರು ತೆಗೆದ ಪೋಷಕರು ಕೂತರು. ಅಧ್ಯಕ್ಷರು ಮಂಡಿಪೇಟೆಯ ಭತ್ತದ ವ್ಯಾಪಾರಿ, ಇಸ್ತ್ರಿ ಮುರಿಯದ ಬಿಳಿ ಬಟ್ಟೆ. ಅವರನ್ನು ನೋಡಿದ್ದೇ ತಡ, ಕಲಿತ ಇಂಗ್ಲಿಷೆಲ್ಲ ಮರೆತೇಹೋಯಿತು. ಬೇರೆ ದಾರಿ ಕಾಣದೆ ಹಗ್ಗ ಬಿಚ್ಚಿ, ಒಂದು ತುದಿಯನ್ನು ಅವರ ಕೈಗೇ ಕೊಟ್ಟು, ಇನ್ನೊಂದನ್ನು ಹಿಡಿದು ಬೋರ್ಡಿನ ಹತ್ತಿರ ನಿಂತೆ. ಅಗಸೆಯ ಕಥೆ ಹೇಳಿದೆ. ಹೇಳುತ್ತ ನಾಲಿಗೆ ಸಲೀಸಾಯಿತು. ನಿಮಗೆ ಗೊತ್ತಿರುವ ಲೈನುಗಳನ್ನು ಚೀಟಿಯಲ್ಲಿ ಬರೆದು ಒಂದೊಂದು ಕೆಂಪು ಚೂರಿಗೆ ಸಿಕ್ಕಿಸಿ ಎಂದೆ.

ಮಕ್ಕಳು ಮುಗಿಬಿದ್ದರು. ರೇಷನ್ ಅಂಗಡಿಯ ಲೈನ್, ಕರೆಂಟ್ ಲೈನ್, ರೈಲ್ವೆ ಲೈನ್ ಬಂದವು. ಗುತ್ತೂರಿನ ಫ್ಯಾಕ್ಟರಿಯಲ್ಲಿ ಅಪ್ಪ ಕೆಲಸಕ್ಕೆ ನಿಲ್ಲುವ, ಮಾಲು ತಯಾರಾಗುವ ಲೈನನ್ನು ಒಬ್ಬ ಹುಡುಗಿ ಇಂಗ್ಲಿಷಿನಲ್ಲೇ ವಿವರಿಸಿದಳು. ಅಧ್ಯಕ್ಷರಿಗೂ ಹುರುಪು ಬಂತು. ನಮ್ಮ ಅಂಗಡಿ ಗಾಡಿ ಮಾಲು ತಗಂಡು ದಿನಾ ಒಂದೊಂದೂರಿನ ಲೈನಿಗೆ ಹೋಗ್ತೈತಲ್ರೀ, ಅದನ್ನೂ ಬರೀರಿ ಎಂದು ಕೈಯಾಡಿಸಿದರು. ಹಗ್ಗ ಜೋತುಬಿತ್ತು, ಚೀಟಿಗಳೆಲ್ಲ ನೆಲಕ್ಕೆ. ನನ್ನ ಬಾಯಲ್ಲಿ ಅವ್ವ ಬಂದು ಕೂತಳು.

“ಏಯ್, ಎತ್ತಾಗ್ ನೋಡ್ತಿ? ಹಗ್ಗ ಬಿಗಿ ಹಿಡಿ.”

ಹೆಡ್‌ಮೇಡಂ ಹಣೆಗೆ ಕೈ ಹಚ್ಚಿದರು. ಮುಗೀತು, ನನ್ನ ಕೆಲಸಕ್ಕೆ ನಾನೇ ಕಲ್ಲು ಹಾಕಿಕೊಂಡೆ ಎಂದುಕೊಂಡೆ. ಅಧ್ಯಕ್ಷರು ನಿಧಾನಕ್ಕೆ ಎದ್ದರು. ತೋಳು ಮಡಚಿ, ಎರಡೂ ಕೈಯಲ್ಲಿ ಹಗ್ಗ ಜಗ್ಗಿ ಹಿಡಿದು, ಇಡೀ ಶಾಲೆಗೆ ಕೇಳುವಂತೆ ಕೂಗಿದರು.

“ಊರ್ರಿ.”

ಮಕ್ಕಳು ಹೋ ಎಂದು ಚೀಟಿ ಬಾಚಿಕೊಂಡು ಮತ್ತೆ ಸಿಕ್ಕಿಸತೊಡಗಿದರು. ಚಿಕ್ಕವರಿದ್ದಾಗ ಅಧ್ಯಕ್ಷರು ತಮ್ಮ ಅಪ್ಪನ ಗದ್ದೆಯಲ್ಲಿ ಹಗ್ಗ ಹಿಡಿದು ಹೀಗೇ ಬೈಸಿಕೊಂಡವರಂತೆ. ಪಾಠ ಮುಗಿದ ಮೇಲೆ ತಕರಾರು ತೆಗೆದ ಪೋಷಕರ ಕಡೆ ತಿರುಗಿ ಎರಡೇ ಮಾತು ಹೇಳಿದರು. “ಈ ಟೀಚರ್ ಇಲ್ಲೇ ಇರ್ಲಿ. ಹಗ್ಗನೂ ಇಲ್ಲೇ ಇರ್ಲಿ.”

ಮನೆಗೆ ಬರುವ ಹೊತ್ತಿಗೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಹಗ್ಗ ಎಲ್ಲೈತೆ ಎಂದಳು. ಸಾಲ್ಯಾಗೇ ಉಳೀತವ್ವ, ನಾನೂ ಅಲ್ಲೇ ಉಳದೆ ಎಂದೆ. ಬೆಳಗಾದರೆ ನಾಟಿ, ಹಗ್ಗ ಕೊಟ್ಟು ಬಂದೀಯಲ್ಲ ಎಂದು ಬೈದಳು. ಬೈಯುತ್ತಲೇ ಹೊಸ ಹಗ್ಗ ತೆಗೆದಳು, ತನ್ನ ಹಳೇ ಕೆಂಪು ಸೀರೆ ಹರಿದು ಚೂರು ಮಾಡಿದಳು. ಹಗ್ಗದ ಒಂದು ತುದಿಯನ್ನು ನನ್ನ ಕೈಗಿಟ್ಟು, ಹುಟ್ಟಿದಾಗಿನಿಂದ ಏ, ಲೇ ಎಂದೇ ಕರೆದ ನನ್ನನ್ನು ನೋಡಿ ಹೇಳಿದಳು.

“ಬಿಗಿ ಹಿಡೀರಿ, ಟೀಚರ್.”